ಮುಳುಗಿದ ಊರನ್ನು ನೆನೆದೆವು, ಹೊರಟ ಕುಟುಂಬವನ್ನು ಮರೆತೆವು

ಗೇರುಸೊಪ್ಪದ ಹೆಸರೆತ್ತಿದರೆ ನಮ್ಮಲ್ಲಿ ಎರಡು ಕಥೆಗಳು ಸಿದ್ಧವಾಗಿವೆ. ಒಂದು, ಹದಿನಾರನೆಯ ಶತಮಾನದ ರಾಣಿ ಚೆನ್ನಭೈರಾದೇವಿಯದು: ಕಾಳುಮೆಣಸಿನ ವ್ಯಾಪಾರ, ಪೋರ್ಚುಗೀಸರೊಡನೆ ಹಗೆತನ, ಕೆಳದಿಯವರ ಕೈಯಲ್ಲಿ ಸೋಲು. ಇನ್ನೊಂದು ಶರಾವತಿಯದು: 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದಿತು, ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಹಳ್ಳಿಗಳು ನೀರಿನಡಿ ಸೇರಿದವು, ಮುಂದೆ ಘಟ್ಟದ ಬುಡದಲ್ಲಿ ಗೇರುಸೊಪ್ಪದಲ್ಲೂ ಒಂದು ಅಣೆಕಟ್ಟು ಬಂತು. ಎರಡನ್ನೂ ನಾನು ಪ್ರೀತಿಯಿಂದ ಓದಿದವನು. ಆದರೆ ಎರಡೂ ಒಂದೇ ಜಾಗದಲ್ಲಿ ನಿಂತುಬಿಡುತ್ತವೆ. ಊರು ಹಾಳಾಯಿತು, ಅಥವಾ ಊರು ಮುಳುಗಿತು, ಕಥೆ ಮುಗಿಯಿತು. ನಗರಬಸ್ತಿಕೇರಿಯ ಕಾಡಿನಲ್ಲಿ ಚತುರ್ಮುಖ ಬಸದಿ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿದೆ. ಅದರ ಸುತ್ತಲಿದ್ದ ಪೇಟೆಯ ಮನೆಯವರು ಯಾವ ದಿಕ್ಕಿಗೆ ಹೋದರು, ಹೋದಲ್ಲಿ ಹೇಗೆ ಬದುಕು ಕಟ್ಟಿಕೊಂಡರು ಎಂದು ಕೇಳುವವರು ಕಡಿಮೆ. ಶರಾವತಿಯ ವಿಷಯದಲ್ಲೂ ಅಷ್ಟೇ. ಮುಳುಗಿದ್ದರ ಬಗ್ಗೆ ನಮಗೆ ಬೇಕಾದಷ್ಟು ಗೊತ್ತು, ಹೊರಟವರ ಬಗ್ಗೆ ಬಹಳ ಕಡಿಮೆ ಗೊತ್ತು.

ಈ ಮರೆವಿಗೆ ಒಂದು ನಂಬಿಕೆ ಆಧಾರವಾಗಿದೆ. ಊರು ಬಿಡುವುದೆಂದರೆ ಬೇರು ಕಿತ್ತ ಹಾಗೆ, ಅದನ್ನು ಹಗುರಮಾಡಲು ಯಾರಿಂದಲೂ ಆಗದು, ಸಾಹಿತಿ ಮಾಡಬಹುದಾದದ್ದು ಅದರ ದುಃಖವನ್ನು ದಾಖಲಿಸುವುದು ಮಾತ್ರ ಎಂಬ ನಂಬಿಕೆ. ಇದಕ್ಕೆ ಎದುರಾಗಿ ಕಚೇರಿಗಳಲ್ಲಿ ಇನ್ನೊಂದು ನಂಬಿಕೆ ಇದೆ. ಪರಿಹಾರದ ಹಣ ಮತ್ತು ಸಾಮಾನು ಸಾಗಿಸಲು ಲಾರಿ ಕೊಟ್ಟರೆ ಸ್ಥಳಾಂತರ ಮುಗಿಯಿತು ಎಂಬುದು. ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಇವೆರಡೂ ನಿಜದಲ್ಲಿ ಒಂದೇ ಕೆಲಸ ಮಾಡುತ್ತವೆ. ಕುಟುಂಬವೊಂದು ಹಳೆಯ ಮನೆಯಿಂದ ಹೊಸ ಮನೆಗೆ ಹೋಗುವ ನಡುವಿನ ದಾರಿಯನ್ನು, ಹೋದ ಮೇಲಿನ ಮೊದಲ ಕೆಲವು ವರ್ಷಗಳನ್ನು, ನಮ್ಮ ದೃಷ್ಟಿಯಿಂದ ಆಚೆಗೆ ತಳ್ಳುತ್ತವೆ. ದೂರದ ಸ್ಥಳಾಂತರವನ್ನು ಹಗುರಮಾಡುವ ವಿದ್ಯೆ ಒಂದಿದೆ, ಅದು ಈ ಕರಾವಳಿಯ ಜನರಿಗೆ ಚೆನ್ನಾಗಿ ಗೊತ್ತಿತ್ತು, ಅಣೆಕಟ್ಟು ಕಟ್ಟುವಾಗ ನಾವು ಅದನ್ನು ಬಳಸಲಿಲ್ಲ ಎಂಬುದು ನನ್ನ ವಾದ.

ಮೊದಲು ಸಾಹಿತ್ಯದ ಮಾತು. ನಾ. ಡಿಸೋಜ ಅವರ ಬಗ್ಗೆ ನನಗೆ ಅಪಾರ ಗೌರವ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಒಳಗಿನಿಂದ ಕಂಡವರು ಅವರು. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಿಲ್ಲದಿದ್ದರೆ ಈ ಕಣಿವೆಯ ನೋವು ಸರಕಾರಿ ಫೈಲುಗಳಲ್ಲೇ ಉಳಿಯುತ್ತಿತ್ತು. ಗಿರೀಶ ಕಾಸರವಳ್ಳಿಯವರು ‘ದ್ವೀಪ’ವನ್ನು ಸಿನಿಮಾ ಮಾಡಿ ಅದಕ್ಕೆ ಸ್ವರ್ಣಕಮಲ ಬಂದಾಗ ಆ ನೋವು ದೇಶದ ಗಮನಕ್ಕೆ ಬಂತು. ಗಜಾನನ ಶರ್ಮರು ‘ಪುನರ್ವಸು’ವಿನಲ್ಲಿ ಇದೇ ಕೊಳ್ಳದ ಬದುಕನ್ನು ದೊಡ್ಡ ಕ್ಯಾನ್ವಾಸಿನಲ್ಲಿ ಹಿಡಿದರು, ಚೆನ್ನಭೈರಾದೇವಿಯ ಕಾದಂಬರಿಯನ್ನು ಬರೆದವರೂ ಅವರೇ. ಇವೆಲ್ಲ ದೊಡ್ಡ ಕೆಲಸಗಳು. ಆದರೆ ‘ದ್ವೀಪ’ದ ಕೇಂದ್ರ ಯಾವುದು ಎಂದು ಗಮನಿಸಿ. ಏರುವ ನೀರಿನ ನಡುವೆ ಉಳಿದ ಒಂದು ಕುಟುಂಬ. ಹೊರಟವರು ಫ್ರೇಮಿನ ಅಂಚಿಗೆ ಸರಿಯುತ್ತಾರೆ. ಉಳಿಯುವುದರಲ್ಲಿ ನಾಟಕವಿದೆ, ದೃಢತೆಯಿದೆ, ದೃಶ್ಯವಿದೆ. ಹೊರಟವರ ಬದುಕಿನಲ್ಲಿ ಇರುವುದು ಪಹಣಿಗೆ ಅಲೆದಾಟ, ಬಾರದ ಬೆಳೆ, ಹೊಸ ಶಾಲೆಯಲ್ಲಿ ಮಾತಾಡದೆ ಕೂತ ಮಗು. ಇವು ಕ್ಯಾಮೆರಾವನ್ನು ಸೆಳೆಯುವುದಿಲ್ಲ. ಕಲಾವಿದನ ಆಯ್ಕೆಯನ್ನು ನಾನು ದೂರುತ್ತಿಲ್ಲ. ಆ ಆಯ್ಕೆಯನ್ನು ಇಡೀ ಸತ್ಯವೆಂದು ಒಪ್ಪಿಕೊಂಡ ನಮ್ಮ ವಿಮರ್ಶೆಯನ್ನು ದೂರುತ್ತಿದ್ದೇನೆ.

ಉಳಿದವರ ಕಥೆಯೂ ಸುಖಾಂತವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಹಿನ್ನೀರು ಸುತ್ತುವರಿದ ತುಮರಿ, ಕರೂರು ಸೀಮೆಯ ಜನ ಆಸ್ಪತ್ರೆಗೆ, ಕಾಲೇಜಿಗೆ, ಪೇಟೆಗೆ ಹೋಗಲು ಆರು ದಶಕ ಲಾಂಚಿಗೆ ಕಾದರು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಹೋದವರಿಗೆ ನೆಲವಿಲ್ಲ, ಉಳಿದವರಿಗೆ ದಾರಿಯಿಲ್ಲ ಎಂಬುದು ಶರಾವತಿಯ ನಿಜವಾದ ಲೆಕ್ಕ. ಉಳಿಯುವುದನ್ನು ವೀರತನವೆಂದೂ ಹೊರಡುವುದನ್ನು ಸೋಲೆಂದೂ ವಿಂಗಡಿಸುವ ಓದು ಈ ಎರಡನೆಯ ಅರ್ಧವನ್ನು ಕಾಣಲಾರದು.

ಈಗ ನನ್ನ ಮುಖ್ಯ ಸಾಕ್ಷ್ಯಕ್ಕೆ ಬರುತ್ತೇನೆ. ಹೊನ್ನಾವರ, ಕುಮಟಾ, ಭಟ್ಕಳದ ಜನ ಊರಿಗೇ ಅಂಟಿ ಕೂತವರೆಂಬ ಚಿತ್ರ ಸುಳ್ಳು. ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಕಾಲೇಜು, ಕೋರ್ಟು, ಕಾರಕೂನನ ಕೆಲಸ ಎಲ್ಲದಕ್ಕೂ ಇಲ್ಲಿನ ಹುಡುಗರು ಮುಂಬಯಿಯ ಕಡೆ ಮುಖ ಮಾಡಿದರು. ರೈಲಿಲ್ಲ, ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಹಡಗಿನಲ್ಲಿ ಹೋಗಬೇಕು, ಇಲ್ಲವೇ ಘಟ್ಟ ಹತ್ತಿ ರೈಲು ಹಿಡಿಯಬೇಕು. ಇಷ್ಟು ದೂರದ, ಇಷ್ಟು ಕಷ್ಟದ ಸ್ಥಳಾಂತರ ಅನೇಕ ಕುಟುಂಬಗಳ ಪಾಲಿಗೆ ಏಳಿಗೆಯ ದಾರಿಯಾಯಿತು. ಹೇಗೆ?

ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲಿ ಮಠವಿರುವ ಚಿತ್ರಾಪುರ ಸಾರಸ್ವತರನ್ನು ನೋಡಿ. ಶ್ರೀಪಾದ ಸುಬ್ರಾವ ತಲ್ಮಕಿಯವರು ಮುಂಬಯಿಯಲ್ಲಿ 1906ರಲ್ಲಿ ಶಾಮರಾವ ವಿಠಲ ಸಹಕಾರಿ ಸಂಘವನ್ನು ಕಟ್ಟಿದರು. ಇಂದಿನ ಎಸ್‌ವಿಸಿ ಬ್ಯಾಂಕ್ ಅದರಿಂದ ಬೆಳೆದದ್ದು. 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಶನ್ ಹುಟ್ಟಿತು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಬಂತು. ದೇಶದ ಸಹಕಾರಿ ವಸತಿ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದನ್ನು ಎಣಿಸುತ್ತಾರೆ. ಈ ಮೂರನ್ನೂ ನಾವು ಬ್ಯಾಂಕಿನ ಇತಿಹಾಸ, ಸಮುದಾಯದ ಇತಿಹಾಸ ಎಂದು ಓದುತ್ತೇವೆ. ನಾನು ಇವನ್ನು ಸ್ಥಳಾಂತರದ ಇತಿಹಾಸವಾಗಿ ಓದುತ್ತೇನೆ. ಊರಿಂದ ಬಂದ ಸಂಸಾರಕ್ಕೆ ಮೊದಲು ಬೇಕಾದದ್ದು ಮೂರು: ಲೇವಾದೇವಿಗಾರನ ಬಾಗಿಲಿಗೆ ಹೋಗದೆ ಸಿಗುವ ಸಣ್ಣ ಸಾಲ, ತಮ್ಮವರೆನ್ನುವ ಜನ, ಕೈಗೆಟುಕುವ ಬಾಡಿಗೆಗೆ ಗೌರವದ ಮನೆ. ಆ ಮೂರನ್ನೂ ಅವರು ಒಂದೊಂದಾಗಿ ಕಟ್ಟಿಕೊಂಡರು. ಗಾಮದೇವಿಯ ಮನೆಗಳಲ್ಲಿ ಪಕ್ಕದ ಬಾಗಿಲು ತಟ್ಟಿದರೆ ಊರಿನ ಮಾತು ಕೇಳಿಸುತ್ತಿತ್ತು, ಬಾಣಂತಿಗೆ ಏನು ಕೊಡಬೇಕೆಂದು ಗೊತ್ತಿದ್ದ ಹಿರಿಯ ಹೆಂಗಸೊಬ್ಬಳು ಇರುತ್ತಿದ್ದಳು.

ಭಟ್ಕಳದ ನವಾಯತರು ಇದೇ ಕೆಲಸವನ್ನು ಇನ್ನೊಂದು ಬಗೆಯಲ್ಲಿ ಮಾಡಿದರು. 1912ರಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಜೀಮ್, 1919ರಲ್ಲಿ ಅಂಜುಮನ್ ಹಾಮಿ ಎ ಮುಸ್ಲಿಮೀನ್ ಊರಿನಲ್ಲೇ ನೆಲೆಗೊಂಡವು. ಗಂಡಸರು ವ್ಯಾಪಾರಕ್ಕೆ ದೂರದ ಊರುಗಳಿಗೆ, ಆಮೇಲೆ ದುಬೈ ಮೊದಲಾದ ಕೊಲ್ಲಿಯ ನಗರಗಳಿಗೆ ಹೋದಾಗ ಮಕ್ಕಳ ಓದು ಭಟ್ಕಳದಲ್ಲೇ ನಡೆಯಬಹುದಿತ್ತು. ಹೋದ ನಗರಗಳಲ್ಲಿ ಭಟ್ಕಳದವರ ಜಮಾತ್‌ಗಳು ಎದ್ದವು. ಮೊದಲು ಒಬ್ಬ ಹೋಗುತ್ತಾನೆ, ನೆಲೆ ನೋಡುತ್ತಾನೆ, ಆಮೇಲೆ ಸಂಸಾರ ಹೋಗುತ್ತದೆ. ಊರಿನ ಮನೆಯ ಬೀಗದಕೈ ಯಾರದೋ ಕೈಯಲ್ಲಿ ಇದ್ದೇ ಇರುತ್ತದೆ. ರಜೆಗೆ ಬಂದರೆ ಮನೆಯ ಬಾಗಿಲು ತೆರೆಯುತ್ತದೆ.

ಈ ಎರಡು ಉದಾಹರಣೆಗಳಿಂದ ಹೊರಡುವ ವಿದ್ಯೆಯ ಅಂಶಗಳು ಸ್ಪಷ್ಟವಾಗಿ ಕಾಣುತ್ತವೆ. ಎಲ್ಲರೂ ಒಮ್ಮೆಗೇ ಹೋಗುವುದಿಲ್ಲ. ಒಂಟಿಯಾಗಿ ಹೋಗುವುದಿಲ್ಲ. ಹೋಗುವ ಮೊದಲೇ ಅಲ್ಲಿ ಒಂದು ನೆಲೆ ಸಿದ್ಧವಾಗಿರುತ್ತದೆ. ಹಿಂದಿರುಗುವ ದಾರಿ ಮುಚ್ಚಿರುವುದಿಲ್ಲ. ಹೊರಡುವ ಕಾಲವನ್ನು ಕುಟುಂಬವೇ ಗೊತ್ತುಮಾಡುತ್ತದೆ. ಹಣ ಈ ಪಟ್ಟಿಯಲ್ಲಿ ಇಲ್ಲವೆಂದಲ್ಲ. ಇವೆಲ್ಲ ಇದ್ದರೆ ಮಾತ್ರ ಹಣ ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಇವೆಲ್ಲ ಓದು, ವ್ಯಾಪಾರ, ಸಂಘಟನೆ ಇದ್ದ ಸಮುದಾಯಗಳ ಕಥೆ. ಅವರು ತಾವಾಗಿ ಹೋದವರು. ಶರಾವತಿ ಕೊಳ್ಳದ ದೀವರ ಗೇಣಿದಾರನನ್ನು, ಕೂಲಿಯ ದಲಿತ ಕುಟುಂಬವನ್ನು ಒಕ್ಕಲೆಬ್ಬಿಸಿ ಕಳಿಸಿದ್ದರೊಡನೆ ಇದನ್ನು ಹೋಲಿಸುವುದು ನ್ಯಾಯವೇ? ಈ ಆಕ್ಷೇಪ ಸರಿಯಾದದ್ದೇ. ಅದು ನನ್ನ ವಾದವನ್ನು ಕೆಡವುವುದಿಲ್ಲ, ಹರಿತಗೊಳಿಸುತ್ತದೆ. ಸಂಘ, ಸಾಲ, ಮುಂಚೆ ಹೋದ ನೆಂಟ, ಇವು ಇಲ್ಲದ ಕುಟುಂಬಕ್ಕೆ ಅವನ್ನೆಲ್ಲ ಒದಗಿಸಬೇಕಾದದ್ದು ಅವರನ್ನು ಎಬ್ಬಿಸುವ ಸರಕಾರ. ಸಮುದಾಯಗಳು ತಮ್ಮ ಶಕ್ತಿಯಿಂದ ಮಾಡಿಕೊಂಡದ್ದನ್ನು ಸರಕಾರ ತನ್ನ ಹೊಣೆಯಾಗಿ ಮಾಡಬೇಕಿತ್ತು. ಲಿಂಗನಮಕ್ಕಿಯಲ್ಲಿ ನಡೆದದ್ದು ಅದರ ತಲೆಕೆಳಗು.

ಕಾಲಕ್ರಮವನ್ನೇ ಗಮನಿಸಿ. ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ, ಇದೇ ಸಾಗರ ತಾಲ್ಲೂಕಿನಲ್ಲಿ, ಗೇಣಿದಾರರ ಹಕ್ಕಿಗಾಗಿ. ಉಳುವವನಿಗೆ ನೆಲ ಕೊಟ್ಟ ಭೂಸುಧಾರಣೆ ಜಾರಿಗೆ ಬಂದದ್ದು 1974ರಲ್ಲಿ. ಅಣೆಕಟ್ಟು ಎದ್ದದ್ದು ಇವೆರಡರ ನಡುವೆ, 1964ರಲ್ಲಿ. ಹತ್ತು ವರ್ಷ ಕಳೆದಿದ್ದರೆ ಒಡೆಯನಾಗುತ್ತಿದ್ದ ಒಕ್ಕಲು, ನೀರು ಬಂದಾಗ ಕಾಗದದಲ್ಲಿ ಹೆಸರಿಲ್ಲದವನಾಗಿದ್ದ. ಕಾಗದ ನೋಡಿ ಕೊಡುವ ಪರಿಹಾರ ಅವನ ಹತ್ತಿರ ಸುಳಿಯುವುದು ಹೇಗೆ? ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆಯ ಚೌಕಟ್ಟು. ನೆಲದ ಬೆಲೆ ಕೊಡುವುದಷ್ಟೇ ಅದರ ಚಿಂತೆ, ಕುಟುಂಬವನ್ನು ಮತ್ತೆ ನೆಲೆಗೊಳಿಸುವ ಹೊಣೆ ಅದರಲ್ಲಿ ಇರಲಿಲ್ಲ.

ಕಾಗದ ಇದ್ದವರಿಗೂ ಲೆಕ್ಕ ತಪ್ಪಿತು. ಅಡಿಕೆ ತೋಟವೆಂದರೆ ತೋಟದ ನೆಲವಷ್ಟೇ ಅಲ್ಲ. ಅದಕ್ಕೆ ಸೊಪ್ಪಿನ ಬೆಟ್ಟ ಬೇಕು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಹಸಿಸೊಪ್ಪು, ದರಕು, ಕಟ್ಟಿಗೆ, ದನಕ್ಕೆ ಮೇವು ಎಲ್ಲ ಅಲ್ಲಿಂದಲೇ. ಆದರೆ ಬೆಟ್ಟ ರೈತನ ಸ್ವಂತದ್ದಲ್ಲ, ಅನುಭೋಗದ್ದು. ಹಾಗಾಗಿ ಬೆಲೆ ಕಟ್ಟುವಾಗ ಎಣಿಕೆಗೆ ಬರುವುದು ತೋಟ, ತೋಟವನ್ನು ಬದುಕಿಸಿದ ಬೆಟ್ಟ ಎಣಿಕೆಗೆ ಬರುವುದಿಲ್ಲ. ಹೊಸ ಜಾಗದಲ್ಲಿ ಅಷ್ಟೇ ಎಕರೆ ಸಿಕ್ಕರೂ ಅದೇ ತೋಟ ಆಗುವುದಿಲ್ಲ. ನೆಟ್ಟ ಅಡಿಕೆ ಫಲ ಕೊಡಲು ಐದಾರು ವರ್ಷ ಬೇಕು. ಆ ಐದಾರು ವರ್ಷ ಮನೆಯವರು ಏನು ಉಣ್ಣಬೇಕು ಎಂಬ ಪ್ರಶ್ನೆಯನ್ನು ಕೇಳದ ಪುನರ್ವಸತಿ, ಎಷ್ಟೇ ಹಣ ಸುರಿದರೂ, ಕುಟುಂಬವನ್ನು ಸಾಲಕ್ಕೆ ದೂಡುತ್ತದೆ.

ಇವೆಲ್ಲಕ್ಕಿಂತ ಕೆಟ್ಟದ್ದು ಹಕ್ಕುಪತ್ರದ ವಿಷಯದಲ್ಲಿ ಆಯಿತು. ಶಿವಮೊಗ್ಗ ಜಿಲ್ಲೆಯಲ್ಲಿ ಸಂತ್ರಸ್ತರನ್ನು ಕೂರಿಸಿದ ನೆಲದ ಬಹುಪಾಲು ಅರಣ್ಯದ್ದು. ಅದನ್ನು ಅರಣ್ಯದ ಪಟ್ಟಿಯಿಂದ ಕ್ರಮವಾಗಿ ತೆಗೆದು, ಪಹಣಿ ಮಾಡಿಕೊಟ್ಟು, ಆಮೇಲೆ ಜನರನ್ನು ಕಳಿಸಬೇಕಿತ್ತು. ಅಂದು ಅದು ಕಷ್ಟವೂ ಆಗಿರಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬರುವ ಮುಂಚೆ ಕೇಂದ್ರದ ಒಪ್ಪಿಗೆ ಬೇಕಿರಲಿಲ್ಲ, ರಾಜ್ಯವೇ ಕೆಲಸ ಮುಗಿಸಬಹುದಿತ್ತು. ಮುಗಿಸಲಿಲ್ಲ. ಮೊದಲು ಜನ ಹೋದರು, ಕಾಗದ ಹಿಂದುಳಿಯಿತು. ಮುಂದೆ ಸರಕಾರ ತಡವಾಗಿ ಹೊರಡಿಸಿದ ಡಿನೋಟಿಫಿಕೇಶನ್‌ಗಳೂ ಕೇಂದ್ರದ ಒಪ್ಪಿಗೆಯಿಲ್ಲವೆಂಬ ಕಾರಣಕ್ಕೆ, 2021ರ ಹೈಕೋರ್ಟ್ ತೀರ್ಪಿನ ನಂತರ, ಬಿದ್ದುಹೋದವು. ನಾಡಿಗೆ ಬೆಳಕು ಕೊಟ್ಟವರ ಮೊಮ್ಮಕ್ಕಳು ಇಂದಿಗೂ ತಮ್ಮದೇ ಮನೆಯಲ್ಲಿ ಒತ್ತುವರಿದಾರರೆನಿಸಿಕೊಳ್ಳುತ್ತಿದ್ದಾರೆ. ಈ ಅನ್ಯಾಯ ಮುಳುಗಡೆಯಿಂದ ಆದದ್ದಲ್ಲ. ಕೆಲಸಗಳ ಕ್ರಮ ತಪ್ಪಿದ್ದರಿಂದ ಆದದ್ದು. ನಮ್ಮ ಶೋಕಗೀತೆಗಳು ನೀರನ್ನು ಬೈದವು, ಕ್ರಮವನ್ನು ಪ್ರಶ್ನಿಸಲಿಲ್ಲ.

ಕ್ರಮ ಎಂಬುದು ಎಷ್ಟು ಸಣ್ಣ ವಿಷಯದಲ್ಲೂ ಮುಖ್ಯ ಎಂಬುದಕ್ಕೆ ಮನೆ ಖಾಲಿ ಮಾಡುವ ದಿನವನ್ನೇ ನೋಡಬಹುದು. ನಮ್ಮ ಕಡೆ ಮನೆ ಬಿಡುವವರು ಮನೆಯನ್ನೇ ಬಿಚ್ಚುತ್ತಾರೆ. ಹಂಚು ಇಳಿಸಿ, ರೀಪು, ಪಕಾಸು ಕಳಚಿ, ಬಾಗಿಲು ಕಿಟಕಿಗಳನ್ನು ಕಿತ್ತು ಲಾರಿಗೆ ಹೇರುತ್ತಾರೆ. ತಿಳಿದವರು ಒಲೆಯ ಸಾಮಾನು, ನೀರಿನ ಹಂಡೆ, ಅಕ್ಕಿಯ ಮೂಟೆ, ದೇವರ ಪೆಟ್ಟಿಗೆ, ಮುದುಕರ ಔಷಧಿ, ಮಕ್ಕಳ ಶಾಲೆಯ ಕಾಗದಗಳನ್ನು ಕೊನೆಗೆ ಹೇರುತ್ತಾರೆ. ಇಳಿಸುವಾಗ ಅವೇ ಮೊದಲು ಕೈಗೆ ಸಿಗಬೇಕು. ಹೋದ ದಿನ ಸಂಜೆ ಒಲೆ ಹೊತ್ತಬೇಕು. ಮೆಣಸಿನ ಬಳ್ಳಿಯ ಕುಡಿ, ವೀಳ್ಯದ ಬಳ್ಳಿ, ಬಾಳೆಯ ಕಂದುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಒಯ್ಯುವವರು ಮಳೆಗಾಲದ ಮೊದಲ ಹನಿಗೆ ಸರಿಯಾಗಿ ಊರಲು ಲೆಕ್ಕ ಹಾಕಿರುತ್ತಾರೆ. ಅಕ್ಷರ ಬಾರದ ಅಜ್ಜಿಗೂ ತಿಳಿದಿರುವ ಈ ಯೋಜನೆ, ಸಾವಿರಾರು ಸಂಸಾರಗಳನ್ನು ಎಬ್ಬಿಸಿದ ಇಲಾಖೆಗಳ ಅಂದಾಜುಪಟ್ಟಿಯಲ್ಲಿ ಕಾಣದು.

ಈಗಿನ ಕಾನೂನು ಹೆಚ್ಚು ಕಲಿತಿದೆ ಎಂಬುದನ್ನು ಒಪ್ಪಬೇಕು. 2014ರ ಜನವರಿ 1ರಂದು ಜಾರಿಗೆ ಬಂದ, 2013ರ ಭೂಸ್ವಾಧೀನ ಮತ್ತು ಪುನರ್ವಸತಿ ಕಾಯ್ದೆ ಸ್ಥಳಾಂತರಗೊಳ್ಳುವ ಕುಟುಂಬಕ್ಕೆ ಸಾಗಾಟಕ್ಕೆಂದು 50,000 ರೂಪಾಯಿ, ಒಂದು ವರ್ಷ ತಿಂಗಳಿಗೆ 3,000 ರೂಪಾಯಿ ಜೀವನಭತ್ಯೆ, ಕೊಟ್ಟಿಗೆಗೆ ಕನಿಷ್ಠ 25,000 ರೂಪಾಯಿ ಹೇಳುತ್ತದೆ. ಹೊಸ ಊರಿನಲ್ಲಿ ಕುಡಿಯುವ ನೀರು, ಗೋಮಾಳ, ಶಾಲೆ, ಅಂಗನವಾಡಿ, ಸ್ಮಶಾನ, ಪೂಜಾಸ್ಥಳ, ಅಂಚೆ ಕಚೇರಿ ಇರಬೇಕೆಂದು ಪಟ್ಟಿ ಕೊಡುತ್ತದೆ. ನೀರಾವರಿ ಅಥವಾ ಜಲವಿದ್ಯುತ್ ಯೋಜನೆಯಾದರೆ ಮುಳುಗುವುದಕ್ಕೆ ಆರು ತಿಂಗಳ ಮುಂಚೆ ಪುನರ್ವಸತಿ ಮುಗಿದಿರಬೇಕು ಎನ್ನುತ್ತದೆ. ಇದು ಶರಾವತಿ, ನರ್ಮದೆಯಂಥ ಕಣಿವೆಗಳ ಜನರು ತೆತ್ತ ಬೆಲೆಯಿಂದ ಬಂದ ತಿಳಿವಳಿಕೆ.

ಆದರೂ ಕೊರತೆ ಉಳಿದಿದೆ. ಅಡಿಕೆಗೆ ಐದಾರು ವರ್ಷ ಬೇಕಾದಲ್ಲಿ ಜೀವನಭತ್ಯೆ ಒಂದು ವರ್ಷಕ್ಕೆ ನಿಲ್ಲುತ್ತದೆ. ಜನರನ್ನು ಚದುರಿಸದೆ ಒಂದೇ ಗುಂಪಾಗಿ ನೆಲೆಗೊಳಿಸಬೇಕೆಂಬ ಮಾತನ್ನು ಕಾಯ್ದೆ ಪರಿಶಿಷ್ಟ ಜಾತಿ, ಪಂಗಡಗಳ ಅಧ್ಯಾಯದಲ್ಲಿ ಬುಡಕಟ್ಟಿನವರ ಬಗ್ಗೆ ಹೇಳುತ್ತದೆ. ಎಲ್ಲರಿಗೂ ಅದನ್ನು ಹಕ್ಕಾಗಿ ಮಾಡಿಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ಲೋಪ. ಒಂದು ಕೇರಿಯ ಹತ್ತು ಮನೆಗಳನ್ನು ಹತ್ತು ಕಡೆ ಹಂಚಿದರೆ ಆ ಹತ್ತೂ ಮನೆಗಳು ಬಡವಾಗುತ್ತವೆ. ಮುಯ್ಯಾಳು ಸಿಗುವುದಿಲ್ಲ, ಕೈಸಾಲ ಸಿಗುವುದಿಲ್ಲ, ಜ್ವರದ ಮಗುವನ್ನು ರಾತ್ರಿ ಯಾರ ಮನೆಗೆ ಒಯ್ಯಬೇಕೆಂದು ತಾಯಿಗೆ ತಿಳಿಯುವುದಿಲ್ಲ. ನೆರೆಹೊರೆಯೂ ಆಸ್ತಿ. ಅದಕ್ಕೆ ಬೆಲೆ ಕಟ್ಟಲಾಗದಿದ್ದರೆ ಅದನ್ನು ಒಡೆಯಬಾರದು.

ಇನ್ನೊಂದು ಆಕ್ಷೇಪ ನನ್ನ ಸ್ನೇಹಿತರಿಂದಲೇ ಬರುತ್ತದೆ. ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ ವಿರೋಧ ನಡೆದಿದೆ. 2025ರ ಸೆಪ್ಟೆಂಬರಿನಲ್ಲಿ ಗೇರುಸೊಪ್ಪದಲ್ಲೇ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಇಂಥ ಹೊತ್ತಿನಲ್ಲಿ ಸ್ಥಳಾಂತರವನ್ನು ಹಗುರಮಾಡುವ ಮಾತಾಡಿದರೆ ಯೋಜನೆಗೆ ದಾರಿ ಮಾಡಿಕೊಟ್ಟಂತೆ ಆಗುವುದಿಲ್ಲವೇ ಎನ್ನುತ್ತಾರೆ. ಸಿಂಗಳೀಕಗಳ ಅಭಯಾರಣ್ಯದಲ್ಲಿ ಸುರಂಗ ತೋಡುವ ಈ ಯೋಜನೆಯನ್ನು ನಾನೂ ಒಪ್ಪುವುದಿಲ್ಲ. ಆದರೆ ಅವರ ತರ್ಕವನ್ನೂ ಒಪ್ಪುವುದಿಲ್ಲ. ನಮ್ಮ ದುಃಖಕ್ಕೆ ಯಾವ ಯೋಜನೆಯ ಅಂದಾಜಿನಲ್ಲೂ ವೆಚ್ಚ ಬೀಳುವುದಿಲ್ಲ. ಪ್ರತಿ ಕುಟುಂಬಕ್ಕೆ ಮೊದಲು ಹಕ್ಕುಪತ್ರ, ತೋಟ ಫಲ ಕೊಡುವವರೆಗೆ ಜೀವನಭತ್ಯೆ, ಕೇರಿ ಒಡೆಯದ ನೆಲೆ, ಬೆಟ್ಟಕ್ಕೆ ಬದಲು ಬೆಟ್ಟ ಎಂದು ಪಟ್ಟು ಹಿಡಿದರೆ ಅದಕ್ಕೆ ವೆಚ್ಚ ಬೀಳುತ್ತದೆ. ಆಗ ಅಗ್ಗದ ವಿದ್ಯುತ್ ಎಂಬ ಮಾತು ಎಷ್ಟು ನಿಜ ಎಂಬುದು ಹೊರಬೀಳುತ್ತದೆ. ಸಂಕಟದ ವಿವರವಾದ ಲೆಕ್ಕ ವಿರೋಧವನ್ನು ದುರ್ಬಲಗೊಳಿಸುವುದಿಲ್ಲ, ಅದಕ್ಕೆ ಹಲ್ಲು ಕೊಡುತ್ತದೆ.

ನನ್ನ ತೀರ್ಮಾನ ಇದು. ದೂರದ ಸ್ಥಳಾಂತರ ತನ್ನಷ್ಟಕ್ಕೇ ದುರಂತವಲ್ಲ. ಕರಾವಳಿಯ ನೂರು ವರ್ಷದ ಅನುಭವ ಅದನ್ನು ತೋರಿಸಿದೆ. ಕಾಗದವಿಲ್ಲದೆ, ನೆರೆಯವರಿಲ್ಲದೆ, ಹೊತ್ತಲ್ಲದ ಹೊತ್ತಿನಲ್ಲಿ, ಮರಳುವ ದಾರಿಯಿಲ್ಲದೆ ಕುಟುಂಬವನ್ನು ಕಳಿಸುವುದು ದುರಂತ, ಮತ್ತು ಅದು ತಪ್ಪಿಸಬಹುದಾದ ದುರಂತ. ಲಿಂಗನಮಕ್ಕಿಯಲ್ಲಿ ಅದನ್ನು ತಪ್ಪಿಸಲಿಲ್ಲ. ನಮ್ಮ ಲೇಖಕರಲ್ಲಿ ನನ್ನ ಬೇಡಿಕೆಯೆಂದರೆ, ಹಿನ್ನೀರಿನ ದಡದಲ್ಲಿ ನಿಂತದ್ದು ಸಾಕು. ಶಿವಮೊಗ್ಗದ ಕಾಡಂಚಿನ ಪುನರ್ವಸತಿ ಹಳ್ಳಿಗಳಿಗೆ ಹೋಗಿ, ಬಂದ ಮೊದಲ ವರ್ಷ ಹೇಗೆ ಕಳೆಯಿತೆಂದು ಬಲ್ಲ ಮುದುಕರು ಇರುವಾಗಲೇ ಕೇಳಿ ಬರೆಯಿರಿ. ಮುಂದಿನ ಅಹವಾಲು ಸಭೆಗೆ ಹೋಗುವವರೂ ಎಕರೆಗೆ ಎಷ್ಟು ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳಬೇಕು: ಪಹಣಿ ನಮ್ಮ ಕೈಗೆ ಬರುವ ದಿನ ಯಾವುದು? ನಮ್ಮ ಕೇರಿ ಒಟ್ಟಿಗೆ ಇರುತ್ತದೆಯೇ? ತೋಟ ಫಲ ಕೊಡುವವರೆಗೆ ಮನೆ ನಡೆಸುವುದು ಯಾರ ಹೊಣೆ? ಈ ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಸಿಗುವವರೆಗೆ ಯಾರೂ ಮನೆಯ ಒಂದು ಹಂಚನ್ನೂ ಇಳಿಸಬಾರದು.